ಹುಲ್ಲು ತುಂಬಿದ ಕರು

ಮಳೆಯಲ್ಲಿ ನೆನೆದ ಚರ್ಮದ ಕೈಚೀಲವನ್ನು ನಿನ್ನೆ ಬಾಗಿಲ ಹಿಂದೆ ನೇತುಹಾಕಿ ಮರೆತಿದ್ದೆ. ಬೆಳಿಗ್ಗೆ ಕೋಣೆಯೆಲ್ಲ ಹಸಿ ತೊಗಲಿನ ನಾತ. ಆ ನಾತದ ಹಿಂದೆಯೇ ಹಿಂದೆ ಪೀಣ್ಯದಲ್ಲಿ ಬಾಡಿಗೆಗಿದ್ದಾಗಿನ ಮನೆಯೊಡತಿಯ ಕೊಟ್ಟಿಗೆ ನೆನಪಾಯಿತು...

ಬಿ.ಎಸ್ಸಿ. ಮುಗಿಸಿ ಅಲ್ಲಿನ ಒಂದು ಕಾರ್ಖಾನೆಯ ತಪಾಸಣೆ ವಿಭಾಗಕ್ಕೆ ಸೇರಿದ್ದೆ. ಲೋಹ ಕೊರೆಯುವ ಲೇತ್‌ಗಳು ಕಾಯದಂತೆ ಸುರಿಯುವ ಎಣ್ಣೆನೀರು, ಕೂಲೆಂಟ್, ಹಳಸಿದರೆ ಕೊಳೆತ ಮೊಟ್ಟೆಯ ವಾಸನೆ. ಅದರಲ್ಲಿ ತೊಯ್ದ ಬಿಡಿಭಾಗಗಳನ್ನು ದಿನವಿಡೀ ಕೈಯಲ್ಲಿ ಹಿಡಿದು ಅಳೆಯಬೇಕು. ಎಲ್ಲರೆದುರು ವಾಂತಿಯಾಗಿಬಿಟ್ಟರೆ ಎಂಬ ಯೋಚನೆ ಹಲ್ಲುಜ್ಜುವಾಗಲೇ ಶುರುವಾಗುತ್ತಿತ್ತು. ಕೆಲಸ ಬಿಟ್ಟರೆ ಊರಿಗೆ ಮರಳಬೇಕು. ಅಲ್ಲಿ ಅಪ್ಪ ಗಂಡು ನೋಡಿಟ್ಟಿದ್ದರು.

ಆಗಷ್ಟೇ ಮನೆಯೊಡತಿಯ ಎಮ್ಮೆಯ ಕರು ಸತ್ತಿತ್ತು. ಕರು ಕಾಣದಿದ್ದರೆ ಎಮ್ಮೆ ಹಾಲು ಬಿಡುವುದಿಲ್ಲ. ಅದಕ್ಕೇ ಸತ್ತ ಕರುವಿನ ತೊಗಲಿಗೆ ಹುಲ್ಲು ತುಂಬಿಸಿ ಹೊಲಿಸಿದ್ದರು, ಹಾಲು ಕರೆಯುವಾಗ ಎಮ್ಮೆಯ ಮುಂದಿಡುತ್ತಿದ್ದರು. ಕಣ್ಣಿದ್ದ ಕಡೆ ತೂತು. ಹೊಲಿಗೆಯ ಸಂದಿಯಲ್ಲಿ ನೊಣ. ಹಾಲಿಗೆಂದು ಹೋದವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತೆ.

"ಬಾರವ್ವ, ಕೂತ್ಕೋ. ಕೆಲ್ಸ ಬಿಡ್ತೀಯಂತೆ?"

"ಕಾರ್ಖಾನೆ ನಾತ ತಡೆಯೋಕಾಗ್ತಿಲ್ಲಮ್ಮ. ವಾಂತಿ ಆಗ್ಬಿಡುತ್ತೆ ಅಂತ ಭಯ."

"ಆಗೈತಾ ಒಂದ್ಸಲನಾದ್ರೂ?"

"ಇಲ್ಲ."

"ಮತ್ತೆ ಎಗಲು ಯಾಕೆ ಕಿವಿಗಂಟ ಎತ್ಕೊಂಡಿದೀಯ? ಇಳಿಸು. ಅಲ್ಲು ಕಚ್ಬೇಡ. ನಿನ್ ಮೊಕ ನೋಡಿ ನಮ್ ಎಮ್ಮೆ ಆಲು ಬತ್ತೋಗ್ತದೆ." ಕೆಚ್ಚಲಿಗೆ ನೀರು ಎರಚುತ್ತ ಅಂದರು, "ಅದು ಉಲ್ಲು ಅಂತ ಇವ್ಳಿಗೂ ಗೊತ್ತು. ಆದ್ರೂ ಮೂಸ್ತಾಳೆ, ನೆಕ್ತಾಳೆ, ಆಮೇಲೆ ಮೈ ಸಡಿಲ ಬಿಡ್ತಾಳೆ. ನಾತ ಬತ್ತದೆ, ಭಯಾನೂ ಬತ್ತದೆ. ಬರ್ಲಿ ಬಿಡು, ನೋಡ್ತಾ ಕೂತ್ಕೋ."

ಹೆಗಲು ಇಳಿಸಿ ಕೂತೆ. ಹುಳಿ ಗಂಟಲಿಗೆ ಏರಿತು. ಏರುವುದನ್ನು ನೋಡಿದೆ. ಸ್ವಲ್ಪ ಹೊತ್ತು ಅಲ್ಲೇ ನಿಂತು, ಇಳಿಯಿತು. ಮರುದಿನ ಕಾರ್ಖಾನೆಯಲ್ಲೂ ಹಾಗೆಯೇ ಕೂತೆ. ಅಸಹ್ಯವೇನೂ ಕಡಿಮೆಯಾಗಲಿಲ್ಲ, ಇಂದಿಗೂ ಆಗಿಲ್ಲ. ಕೆಲಸ ಮಾತ್ರ ಉಳಿಯಿತು.

ಹೋದ ವರ್ಷ ಮನೆಯೊಡತಿ ಹಾಸಿಗೆ ಹಿಡಿದಿದ್ದಾರೆಂದು ತಿಳಿದು ನೋಡಲು ಹೋದೆ. ಬೆನ್ನಿನ ಹುಣ್ಣು ಕೊಳೆತಿತ್ತು. ಸೊಸೆಯಂದಿರು ಬಾಗಿಲಲ್ಲೇ ನಿಂತು ಮಾತನಾಡಿಸುತ್ತಿದ್ದರು.

"ನಾತ ಬತ್ತೈತಾ?" ಎಂದರು.

"ಬರ್ತಾ ಇದೆಯಮ್ಮ."

ತುಟಿಯಂಚಿನಲ್ಲಿ ನಕ್ಕರು. "ಎಗಲು ಇಳಿಸ್ಕೊಂಡು ಕೂತ್ಕೋ."

ಕೂತೆ. ಎದ್ದು ಹೋಗಬೇಕೆಂಬ ಯೋಚನೆ ಬರುತ್ತಿತ್ತು, ಹೋಗುತ್ತಿತ್ತು... ಅವರ ಕೈ ನನ್ನ ಕೈಯಲ್ಲಿತ್ತು. ಅದೇ ವಾರ ಅವರು ತೀರಿಕೊಂಡರು.

ಕೈಚೀಲವನ್ನು ಬಿಸಿಲಿಗೆ ಇಟ್ಟು ಬಂದಿದ್ದೇನೆ. ಕೋಣೆಯಲ್ಲಿ ನಾತ ಇನ್ನೂ ಇದೆ. ಗಂಟಲಿಗೆ ಏನೋ ಏರಿದೆ, ಹುಳಿಯಲ್ಲ. ಹೆಗಲು ಇಳಿಸಿ ಬಹಳ ಹೊತ್ತಾಯಿತು. ಅದು ಇಳಿಯುತ್ತಿಲ್ಲ.