ಗಂಜಿ ಹೋದ ಕಂಬಳಿ

ಸೊಸೆ ಪ್ರೀತಿಯಿಂದಲೇ ನನ್ನ ಹಳೇ ಕರಿ ಕಂಬಳಿಯನ್ನು ಡ್ರೈಕ್ಲೀನ್‌ಗೆ ಕೊಟ್ಟು ತಂದಳು. "ನೋಡಿ ಮಮ್ಮಿ, ಎಷ್ಟು ಸಾಫ್ಟ್ ಆಗಿದೆ" ಎಂದಳು. ಮೂಗಿಗೆ ಹಿಡಿದೆ. ಕುರಿ ಉಣ್ಣೆ ಮತ್ತು ಹುಣಸೆ ಬೀಜದ ಗಂಜಿ ಸೇರಿದ ಆ ಒಗರು ವಾಸನೆ ಇರಲಿಲ್ಲ. ಅವತ್ತಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ಜಗಳೂರಿನ ನಮ್ಮ ಮನೆಯೆಂದರೆ ಆ ವಾಸನೆಯೇ. ತನ್ನ ಗಂಡ ಸತ್ತ ಮೇಲೆ ಕಂಬಳಿ ಅಂಗಡಿ ನಡೆಸಿದವಳು ನಮ್ಮ ದೊಡ್ಡವ್ವ. ಕಾನ್ವೆಂಟಿನ ರಜೆಗೆ ನಾನು ಬಂದಾಗಲೆಲ್ಲ ಅವಳು ನಡೆಯುತ್ತಲೇ ಇರುತ್ತಿದ್ದಳು; ಮಗ್ಗದ ಮನೆಗಳಿಗೆ, ಗಂಜಿ ಒಲೆಗೆ, ಮತ್ತೆ ಅಂಗಡಿಗೆ. ಉಣ್ಣುವಾಗಲೂ ನಿಂತೇ ಉಣ್ಣುತ್ತಿದ್ದಳು. ಅಂಥ ರೆಸ್ಟ್‌ಲೆಸ್ ಹೆಂಗಸು. ಅಂಗಡಿಗೊಂದು ರೂಢಿಯಿತ್ತು. ನೀರು ಇಳಿಯದಂತೆ ಗಂಜಿ ಹಚ್ಚಿದ ಕಂಬಳಿಯ ನಾಲ್ಕು ತುದಿ ಹಿಡಿದು ನಡುವೆ ಒಂದು ಚೆಂಬು ನೀರು ಸುರಿಯಬೇಕು. ಕೊಳ್ಳುವವನು ಎಲೆ ಅಡಿಕೆ ಅಗಿದು ಮುಗಿಸುವ ತನಕ ಹನಿ ಕೆಳಗಿಳಿಯಬಾರದು. ಇಳಿದರೆ ಆ ಕಂಬಳಿ ಮಾರುವ ಹಾಗಿಲ್ಲ.

ಎರಡನೇ ಮಹಾಯುದ್ಧದ ಕಾಲ. ಮುಂಗಾರಿಗೆ ಮೊದಲು ಒಬ್ಬ ಮಿಲಿಟರಿ ಕಂಟ್ರಾಕ್ಟರ್ ಲಾರಿ ತಂದು ನಮ್ಮ ಬಾಗಿಲಲ್ಲೇ ನಿಲ್ಲಿಸಿದ.

"ಇರೋದೆಲ್ಲ ನಂಗೇ ಕೊಡ್ರಿ ಅವ್ವಾರೆ. ಮುಂದೆ ನೇಯೋದಕ್ಕೆ ಗಂಜಿ ಬ್ಯಾಡ, ಮೆತ್ತಗಿರ್ಲಿ."

"ಮಿಲಿಟ್ರಿಯೋರು ಯುದ್ಧ ಇರೋತನಕ ಬರ್ತಾರೆ ಸ್ವಾಮಿ. ಕುರಿಯೋರು ಪ್ರತಿ ಮುಂಗಾರಿಗೂ ಬರ್ತಾರೆ. ಅವರು ನೆನೆಯಾಕೆ ನಾನು ಬಿಡಂಗಿಲ್ಲ" ಎಂದಳು ದೊಡ್ಡವ್ವ.

ಅವನು ಬರಿಗೈಲಿ ಹೊರಟ. ಆದರೆ ಲಾರಿ ಕೆಟ್ಟು ಸಂಜೆವರೆಗೂ ಅಲ್ಲೇ ನಿಂತಿತು. ಊರು ನೋಡಿದ್ದು ಅದನ್ನು ಮಾತ್ರ. ದೊಡ್ಡವ್ವ ಎಲ್ಲಾ ಮಿಲಿಟರಿಗೆ ಮಾರಿದಳು ಎಂಬ ಸುದ್ದಿ ಕುರಿ ಹಿಂಡುಗಳ ಜೊತೆಗೇ ಹರಡಿತು. ಮೋಡ ಕಟ್ಟಿತು, ಒಬ್ಬ ಕುರಿಯವನೂ ಬರಲಿಲ್ಲ. ಮಗ್ಗಗಳು ಒಂದೊಂದಾಗಿ ಸುಮ್ಮನಾದವು. ಆ ಮಳೆಗಾಲದ ವ್ಯಾಪಾರ ತಪ್ಪಿದರೆ ನೇಯುವವರು ಕೂಲಿಗೆ ಊರು ಬಿಡುತ್ತಾರೆ, ಅಂಗಡಿ ಮುಗಿದಂತೆ. ದೊಡ್ಡವ್ವ ಹಿತ್ತಲಿಂದ ಬೀದಿಗೆ, ಬೀದಿಯಿಂದ ಹಿತ್ತಲಿಗೆ ತಿರುಗಿದಳು. ಒಂದು ಬೆಳಿಗ್ಗೆ ಕಂಬಳಿ ಹೊರೆಗಳನ್ನು ಕಟ್ಟಿಸಿ, ನನ್ನನ್ನೂ ಎಳೆದುಕೊಂಡು ಪೆಟ್ರೋಲ್ ಸಿಗದ ಆ ಕಾಲದ ಇದ್ದಿಲಿನ ಬಸ್ಸು ಹತ್ತಿದಳು.

ಹೊನ್ನಾಳಿ ಸಂತೆಯಲ್ಲಿ ಒಬ್ಬ ಮುದುಕ ಕುರಿಯವ ನಕ್ಕ. "ಏನವ್ವಾ, ಮಿಲಿಟ್ರಿಗೆ ಹಾಕಿ ಉಳಿದ ಚಿಂದಿ ನಮಗೆ ತಂದಿಯೇನು?"

"ಎಲೆ ಅಡಿಕೆ ಹಾಕ್ಕೋ ಅಣ್ಣ. ಉಗುಳಿದ ಮ್ಯಾಲೆ ಮಾತಾಡು."

ಎರಡು ತುದಿ ಅವಳು ಹಿಡಿದಳು, ಎರಡು ನಾನು. ನೀರು ಸುರಿದದ್ದು ಮುದುಕನೇ, ಚೆಂಬಲ್ಲ, ಕೊಡ. ಜನ ಸುತ್ತುಗಟ್ಟಿದರು. ನಡುವೆ ನೀರು ಕನ್ನಡಿಯಂತೆ ಹೊಳೆಯುತ್ತಿತ್ತು. ಅವನು ಬೇಕೆಂದೇ ನಿಧಾನ ಅಗಿದ. ಕೊನೆಗೆ ಉಗುಳಿ, ಬಗ್ಗಿ ಕಂಬಳಿಯ ಅಡಿಗೆ ಅಂಗೈ ಒತ್ತಿ ನೋಡಿದ. ಒಣಗಿಯೇ ಇತ್ತು. ನೀರು ಚೆಲ್ಲಿ, ಅದೇ ಕಂಬಳಿಯನ್ನು ತಲೆಮೇಲಿಂದ ಕೊಪ್ಪೆ ಹಾಕಿಕೊಂಡು ನಿಂತ. ಮಿಕ್ಕವರು ಹೊರೆಗೆ ಕೈ ಹಾಕಿದರು. ಮುಂದೆ ನ್ಯಾಮತಿಯಲ್ಲಿ, ಚನ್ನಗಿರಿಯಲ್ಲಿ ಯಾರೂ ನೀರನ್ನೇ ಕೇಳಲಿಲ್ಲ. ಸುದ್ದಿ ನಮಗಿಂತ ಮೊದಲೇ ತಲುಪಿತ್ತು.

ಹೊನ್ನಾಳಿಯ ಆ ಮಧ್ಯಾಹ್ನ ದೊಡ್ಡವ್ವ ಬರಿದಾದ ಒಂದು ಗೋಣಿಯ ಮೇಲೆ ಕಾಲು ಚಾಚಿ ಕೂತಳು. ಅವಳು ಹಾಗೆ ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು. ಅವಳ ನಂತರ ಮಗ್ಗಗಳೂ ಹೋದವು, ಮನೆಯೂ ಹೋಯಿತು. ಅವಳ ಅಂಗಡಿಯದೆಂದು ನನಗುಳಿದದ್ದು ಈ ಒಂದು ಕಂಬಳಿ.

ಮೊನ್ನೆ ಮಳೆ ಬಂದಾಗ ಆ ಸಾಫ್ಟ್ ಕಂಬಳಿ ಹೊದ್ದು ಬಾಲ್ಕನಿಗೆ ಹೋದೆ. ನೀರು ಸೀದಾ ಮೈಗಿಳಿಯಿತು. ಸೊಸೆ ಕರೆದಳು, ನಾನು ನೆನೆಯುತ್ತಾ ನಿಂತೇ ಇದ್ದೆ.