ಕಡುಕೆಂಪು ಆಂಥೂರಿಯಂ ಮತ್ತು ಗಿಡದ ಅಕ್ಕ

ಕೆಳಗಿನ ಮನೆಗೆ ಹೊಸದಾಗಿ ಬಾಡಿಗೆಗೆ ಬಂದವಳು ಮೊನ್ನೆ ಒಂದು ರಟ್ಟಿನ ಪೆಟ್ಟಿಗೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಳು. ಮೊಬೈಲಿನಲ್ಲಿ ನೋಡಿ ತರಿಸಿದ ಗಿಡವಂತೆ. ಚಿತ್ರದಲ್ಲಿ ಸೊಂಟದವರೆಗೆ ಬೆಳೆದಿತ್ತು, ಪೆಟ್ಟಿಗೆಯೊಳಗೆ ನನ್ನ ಹೆಬ್ಬೆರಳಿನಷ್ಟಿತ್ತು! ನಗಬಾರದು ಎಂದುಕೊಂಡರೂ ನಕ್ಕುಬಿಟ್ಟೆ. ಬೇರಿಗೆ ಸುತ್ತಿದ್ದ ಹಾಳೆಯನ್ನು ಬಿಡಿಸಿದಾಗ ಒದ್ದೆ ತೆಂಗಿನ ನಾರಿನ ಹುಡಿಯ ವಾಸನೆ ಬಂತು. ಅಷ್ಟೇ... ನನಗೆ ಉಪ್ಪಿನಂಗಡಿಯ ಗಿಡದ ಅಕ್ಕನ ನೆನಪಾಯಿತು.

ಹೊಳೆಯ ಬದಿಗೆ ಇಳಿಯುವ ದಾರಿಯಲ್ಲಿ ಅವರ ಮನೆ. ಹಿತ್ತಲಿಗೆ ಹಸಿರು ಬಲೆ ಕಟ್ಟಿ ನರ್ಸರಿ ಮಾಡಿದ್ದರು. ಬೋರ್ಡು ಇರಲಿಲ್ಲ, ಆದರೂ ಕಡಬ, ಸುಳ್ಯದ ಕಡೆಯಿಂದ ಹೆಂಗಸರು ಹುಡುಕಿಕೊಂಡು ಬರುತ್ತಿದ್ದರು. ನಾನು ಮದುವೆಯಾಗಿ ಪುತ್ತೂರಿನ ಈ ಮಾಳಿಗೆ ಮನೆಗೆ ಬಂದ ಹೊಸತು. ಹುಟ್ಟಿ ಬೆಳೆದದ್ದು ಪೆರಾಬೆಯಲ್ಲಿ, ಕಾಲಿಟ್ಟಲ್ಲಿ ಹಸಿರು. ಇಲ್ಲಿ ಎರಡು ಕೋಣೆ, ಮೂರು ಕಿಟಕಿ. ನನಗೆ ಉಸಿರು ಕಟ್ಟುತ್ತಿತ್ತು. ಯಾರೋ ಹೇಳಿದರೆಂದು ಒಂದು ಭಾನುವಾರ ಬಸ್ಸು ಹತ್ತಿ ಅವರಲ್ಲಿಗೆ ಹೋದೆ.

ಹೂ ತುಂಬಿದ ಕಡುಕೆಂಪು ಆಂಥೂರಿಯಂ ಒಂದು ಮೂಲೆಯಲ್ಲಿತ್ತು. ಅಷ್ಟು ಗಾಢ ಬಣ್ಣವನ್ನು ನಾನು ಬೇರೆಲ್ಲೂ ನೋಡಿರಲಿಲ್ಲ. ಅದರ ಮರಿ ಬೇಕು ಎಂದೆ. ಅಕ್ಕ ಗಿಡ ತೋರಿಸುವ ಬದಲು ನನ್ನನ್ನೇ ವಿಚಾರಣೆ ಮಾಡಿದರು. ಎಲ್ಲಿ ಇಡುದು, ಬಿಸಿಲು ಎಷ್ಟು ಹೊತ್ತು ಬೀಳುದು, ಊರಿಗೆ ಹೋದಾಗ ನೀರು ಹಾಕುವವರು ಯಾರು... ಮಗಳನ್ನು ಕೊಡುವಾಗಲೂ ಇಷ್ಟು ಕೇಳುತ್ತಾರೋ ಇಲ್ಲವೋ. ಕೊನೆಗೆ ಒಂದು ಕರಾರು.

"ಇದರ ಬುಡದಲ್ಲಿ ಮೊದಲು ಬರುವ ಮರಿ ನಿಮ್ಮದಲ್ಲ. ಅದನ್ನು ಬೇರೆಯವರಿಗೆ ಕೊಡಬೇಕು. ಆಗುದಾದ್ರೆ ಮಾತ್ರ ತಗೊಂಡೋಗಿ."

ಒಪ್ಪಿಕೊಂಡು ತಂದೆ. ವರ್ಷದೊಳಗೆ ಮರಿ ಬಂತು. ಬಂದ ಮೇಲೆ ಕೊಡಲು ಮನಸ್ಸಾಗಲಿಲ್ಲ, ನನ್ನ ಜಿಪುಣತನಕ್ಕೆ ಏನು ಹೇಳಲಿ. ಆದರೆ ಅಕ್ಕ ಬಿಡಬೇಕಲ್ಲ. ಗೊಬ್ಬರಕ್ಕೆಂದು ಹೋದಾಗಲೆಲ್ಲ, "ಮರಿ ಯಾರಿಗೆ ಕೊಟ್ಟಿರಿ?" ಎನ್ನುವರು. ಅವರ ಬಾಯಿ ಮುಚ್ಚಿಸಲೆಂದೇ ಸುಳ್ಯದ ಅಡಿಕೆ ತೋಟದ ಮನೆಯಲ್ಲಿರುವ ನಾದಿನಿಗೆ ಕೊಟ್ಟೆ. ಕೊಟ್ಟದ್ದನ್ನು ಅಕ್ಕನಿಗೆ ದೊಡ್ಡದಾಗಿ ವರದಿಯೂ ಮಾಡಿದೆ.

ಮುಂದಿನ ಮಳೆಗಾಲ ನನ್ನ ಗಿಡದ ಎಲೆಗಳಲ್ಲಿ ಹಳದಿ ಚುಕ್ಕೆ ಕಾಣಿಸಿಕೊಂಡಿತು. ಅಕ್ಕನಿಗೆ ಒಂದು ಫೋನ್ ಮಾಡಬಹುದಿತ್ತು. ಆದರೆ ನಾವು ಅಡಿಕೆಯವರು, ಮಳೆಗಾಲದಲ್ಲಿ ಏನು ಹಳದಿಯಾದರೂ ನಮಗೆ ತೋಚುವುದು ಒಂದೇ ಮದ್ದು. ತವರಿಗೆ ಹೋದವಳು ಮೈಲುತುತ್ತು, ಸುಣ್ಣ ಕಲಸಿ ಅಡಿಕೆ ಮರಕ್ಕೆ ಬಿಡುವ ಬೋರ್ಡೋ ದ್ರಾವಣವನ್ನು ಒಂದು ಬಾಟಲಿಯಲ್ಲಿ ತುಂಬಿಸಿಕೊಂಡು ಬಂದು, ಎಲೆ ಎಲೆಗೂ ಪ್ರೀತಿಯಿಂದ ಸಿಂಪಡಿಸಿದೆ. ವಾರದಲ್ಲಿ ಎಲೆಗಳು ಸುಟ್ಟು ಕರಕಲಾದವು. ಇನ್ನೂ ಸ್ವಲ್ಪ ಮದ್ದು ಬಿಟ್ಟರೆ ಸರಿಯಾದೀತೆಂದು ಮತ್ತೊಮ್ಮೆ ಬಿಟ್ಟೆ! ಗಿಡ ಸತ್ತಿತು. ನಾಚಿಕೆಯಿಂದ ಅಕ್ಕನಲ್ಲಿಗೆ ಹೋಗುವುದನ್ನೇ ಬಿಟ್ಟೆ. ಕುಂಬ್ರದ ಅಂಗಡಿಯೊಂದರಲ್ಲಿ ಯಾರೂ ಏನೂ ಕೇಳದೆ ಕೊಡುವ ಮನಿಪ್ಲಾಂಟ್ ತಂದು ಇಟ್ಟುಕೊಂಡೆ.

ಆಮೇಲಿನ ಒಂದು ಮಳೆಗಾಲದಲ್ಲಿ ನೇತ್ರಾವತಿ, ಕುಮಾರಧಾರೆ ಎರಡೂ ಒಟ್ಟಿಗೆ ಏರಿ ಉಪ್ಪಿನಂಗಡಿಗೆ ನೆರೆ ಬಂತು. ನೀರು ಇಳಿದ ನಾಲ್ಕನೆಯ ದಿನ ಅಕ್ಕನ ಫೋನ್.

"ಹಿತ್ತಲು ಪೂರ್ತಿ ಹೋಯ್ತು ಮಾರಾಯ್ರೆ. ಉಳಿದದ್ದನ್ನೆಲ್ಲ ಮತ್ತೆ ಎಬ್ಬಿಸಬಹುದು. ಆ ಕೆಂಪಿನ ತಾಯಿಗಿಡ ಒಂದು ಇಲ್ಲದಿದ್ರೆ ನಾನು ಇದನ್ನು ನಿಲ್ಲಿಸುದೇ. ನನ್ನಿಂದ ತಗೊಂಡೋದ ಎರಡು ಮನೆಯಲ್ಲಿ ಕೇಳಿದೆ, ಇಲ್ಲ. ನಿಮ್ಮಲ್ಲಿ ಉಂಟಲ್ವಾ?"

ಅಷ್ಟು ಜೋರಿನ ಹೆಂಗಸಿನ ಧ್ವನಿ ಅಂದು ನಡುಗುತ್ತಿತ್ತು. "ಉಂಟು ಅಕ್ಕ, ತರ್ತೇನೆ" ಎಂದುಬಿಟ್ಟೆ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಸುಳ್ಯಕ್ಕೆ ಓಡಿದೆ. ದಾರಿಯುದ್ದಕ್ಕೂ, ನಾದಿನಿಯೂ ಅದನ್ನು ಕೊಂದಿದ್ದರೆ ಅಕ್ಕನಿಗೆ ಹೇಗೆ ಮುಖ ತೋರಿಸಲಿ ಎಂಬ ಚಿಂತೆ. ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಒಡೆದ ಬಾಲ್ದಿಯೊಂದರಲ್ಲಿ, ಅದು ಮೂರು ಮರಿ ಹಾಕಿಕೊಂಡು ನಿಂತಿತ್ತು. ನನಗೆ ಅಲ್ಲೇ ಕಣ್ಣು ತುಂಬಿತು.

"ಎಂತ ಅತ್ತಿಗೆ, ಕೊಟ್ಟದ್ದನ್ನು ವಾಪಸ್ ಕೇಳ್ಲಿಕ್ಕೆ ಬಂದದ್ದಾ?" ಎಂದು ನಾದಿನಿ ತಮಾಷೆ ಮಾಡಿದಳು. ವಿಷಯ ಕೇಳಿದ ಮೇಲೆ ಎರಡು ಮರಿಗಳನ್ನು ತಾನೇ ಬಿಡಿಸಿ ಕೊಟ್ಟಳು.

ಅದೇ ಮಧ್ಯಾಹ್ನ ಉಪ್ಪಿನಂಗಡಿಗೆ ತಲುಪಿದೆ. ಹಿತ್ತಲಿನಲ್ಲಿ ಮೊಣಕಾಲಷ್ಟು ಕೆಸರು. ಅಕ್ಕ ಮರಿಗಳನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಬೇರನ್ನು ತಿರುಗಿಸಿ ನೋಡಿದರು. ಬೇರಿನಲ್ಲಿ ಇದ್ದಿಲು, ಅಡಿಕೆ ಸಿಪ್ಪೆಯ ಚೂರುಗಳು ಸಿಕ್ಕಿಕೊಂಡಿದ್ದವು. ನನ್ನ ಮಾಳಿಗೆ ಮನೆಯಲ್ಲಿ ಅವು ಎಲ್ಲಿಂದ ಬರಬೇಕು?

"ಸುಳ್ಯದಲ್ಲಿ ಮಳೆ ಬಿಟ್ಟಿತಾ?" ಎಂದು ಕೇಳಿದರು, ಏನೂ ಗೊತ್ತಿಲ್ಲದವರ ಹಾಗೆ.

ನಾನು ಎಲ್ಲವನ್ನೂ ಕಕ್ಕಿದೆ. ಬೋರ್ಡೋ ವಿಷಯಕ್ಕೆ ಬಂದಾಗ ಅವರು ಕೆಸರಿನ ಮೆಟ್ಟಿಲ ಮೇಲೆ ಕುಳಿತು, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ನೆರೆ ಬಂದ ಮೇಲೆ ಅಮ್ಮ ನಕ್ಕದ್ದು ಅದೇ ಮೊದಲು ಎಂದು ಅವರ ಮಗಳು ಆಮೇಲೆ ನನಗೆ ಹೇಳಿದಳು.

"ನೀವು ಇಟ್ಕೊಂಡದ್ದು ಸತ್ತಿತು, ಕೊಟ್ಟದ್ದು ಬದುಕಿತು. ಇನ್ನು ಬೇಜಾರು ಎಂತಕ್ಕೆ?" ಎಂದು, ಒಂದು ಮರಿಯನ್ನು ತಾವಿಟ್ಟುಕೊಂಡು ಇನ್ನೊಂದನ್ನು ನನ್ನ ಕೈಗೇ ಕೊಟ್ಟರು. ಬೇಡವೆಂದರೂ ಕೇಳಲಿಲ್ಲ. ಎರಡು ವರ್ಷದಲ್ಲಿ ಹಿತ್ತಲು ಮತ್ತೆ ತುಂಬಿತು. ಹಸಿರು ಬಲೆ ಹೊಸತಾಯಿತು, ವಿಚಾರಣೆ ಮಾತ್ರ ಹಳೆಯದೇ. ಅಲ್ಲಿಂದ ಆರೇಳು ವರ್ಷ ಅವರು ಗಿಡ ಮಾರಿದರು. ಕಳೆದ ಬೇಸಗೆಯಲ್ಲಿ ಗೊಬ್ಬರ ಬೇಕೆಂದು ಫೋನ್ ಮಾಡಿದರೆ ಮಗಳು ಎತ್ತಿದಳು. ಅಮ್ಮ ತೀರಿಹೋಗಿ ತಿಂಗಳಾಯಿತು ಎಂದಳು... ನನಗೆ ತಿಳಿಸಬೇಕೆಂದು ಯಾರಿಗೆ ತೋಚಬೇಕು? ನಾನು ಬರೀ ಗಿಡ ಕೊಂಡವಳು.

ಕೆಳಗಿನ ಮನೆಯವಳು ಇನ್ನೂ ನಿಂತೇ ಇದ್ದಳು. "ಇಲ್ಲಿ ಒಳ್ಳೆ ಗಿಡ ಎಲ್ಲಿ ಸಿಗ್ತದೆ ಅಕ್ಕ?" ಎಂದಳು. ಕುಂಬ್ರದ ಅಂಗಡಿ ಬೇಡ ಎಂದೆ, ಕಡಬದ ದಾರಿಯ ಒಂದು ನರ್ಸರಿಯನ್ನು ಹೇಳಿದೆ. ಎಷ್ಟು ಗಿಡ ಉಂಟೆಂದು ನೋಡಬೇಡ, ಕೊಡುವ ಮೊದಲು ನಿನ್ನ ಮನೆಯ ವಿಷಯ ಕೇಳುತ್ತಾರಾ ನೋಡು ಎಂದೂ ಸೇರಿಸಿದೆ. ಮೊಬೈಲಿನಲ್ಲಿ ತರಿಸುವುದಾದರೂ ಫೋನ್ ಮಾಡಿದರೆ ಮಾತಾಡುವವರಿಂದ ತರಿಸು ಎಂದೆ. ಆಮೇಲೆ ಕಿಟಕಿಯ ಹತ್ತಿರ ಹೋಗಿ, ಅಕ್ಕ ಅಂದು ನನ್ನ ಕೈಗಿತ್ತ ಆಂಥೂರಿಯಂನ ಬುಡ ಕೆದಕಿ, ಬೇರು ಬಿಟ್ಟ ಒಂದು ಮರಿಯನ್ನು ಬಿಡಿಸಿ ಅವಳಿಗೆ ಕೊಟ್ಟೆ. ಕರಾರನ್ನೂ ಹೇಳಿದೆ.

"ಹಾಗಾದ್ರೆ ಮೊದಲ ಮರಿ ನಿಮಗೇ ಕೊಡ್ತೇನೆ" ಎಂದಳು.

"ನನಗೆ ಬೇಡ. ನನಗೆ ಗುರುತೇ ಇಲ್ಲದವರಿಗೆ ಕೊಡು."

ಅವಳು ಮರಿಯನ್ನು ಎದೆಗೊತ್ತಿಕೊಂಡು, ಒಂದೊಂದೇ ಮೆಟ್ಟಿಲು ನೋಡಿಕೊಂಡು ಇಳಿದು ಹೋದಳು. ನನಗೆ ಸಂತೋಷವೇ ಆಯಿತು. ಆದರೆ ಅಕ್ಕ ಇದ್ದಿದ್ದರೆ ಬರುವ ಭಾನುವಾರ ಇವಳನ್ನು ಕರೆದುಕೊಂಡು ಉಪ್ಪಿನಂಗಡಿಯ ಬಸ್ಸು ಹತ್ತುತ್ತಿದ್ದೆ. ಅದೊಂದು ಇನ್ನು ಆಗುವುದಿಲ್ಲ.