ಕಾಕ ಗೆದ್ದ ವಾದ

ಹೊಸ ನೀರಿನ ಕ್ಯಾನಿನ ಮುಚ್ಚಳ ತಿರುಗಿಸಿದೆ. ಬಿಸಿಲಿಗೆ ಕಾದ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿಯಿತು. ಮಣಿಪಾಲದ ರೂಮಿನಲ್ಲಿ ಕುಳಿತಲ್ಲೇ ನಾನು ನಮ್ಮೂರು ಕಾಪುವಿನ ಆ ಹಳೆಯ ಅಂಗಡಿಯೊಳಗಿದ್ದೆ. ಬಕೆಟ್, ಕೊಡಪಾನ, ಹಗ್ಗದ ಸುರುಳಿ, ಮಳೆಗಾಲಕ್ಕೆ ಮೊದಲು ರಾಶಿ ಬೀಳುತ್ತಿದ್ದ ನೀಲಿ ಟರ್ಪಾಲು. ಅವುಗಳ ನಡುವೆ ಸ್ಟೂಲಿನ ಮೇಲೆ ಕಾಕ. ಗಲ್ಫಿನಿಂದ ಮರಳಿ ಬಂದು ಅಂಗಡಿ ಇಟ್ಟಿದ್ದ ನಮ್ಮ ನೆರೆಮನೆಯ ಬ್ಯಾರಿಗಳು, ಕರಾವಳಿಯ ಮುಸಲ್ಮಾನರು. ಮಕ್ಕಳೆಲ್ಲ ಅವರನ್ನು ಕರೆಯುತ್ತಿದ್ದದ್ದು ಕಾಕ ಎಂದೇ.

ಕ್ಯಾನ್ ಕೊಂಡದ್ದು ಜೈಸಲ್ಮೇರ್ ಕಡೆಯ ಮರುಭೂಮಿ ರಾಷ್ಟ್ರೀಯ ಉದ್ಯಾನದ ಪ್ರವಾಸಕ್ಕೆ. ನಾವು ಮೂವರು ಗೆಳೆಯರು, ಬಾಡಿಗೆಯ ಜೀಪು, ಟೆಂಟು, ಮರಳಿನಲ್ಲಿ ನಡಿಗೆ. ಯೋಜನೆ ಪೂರ್ತಿ ನನ್ನದು. ಒಬ್ಬ ಕೇಳಿದ ಕೂಡಲೇ ಒಪ್ಪಿದ. ಇನ್ನೊಬ್ಬ, ಬಜಗೋಳಿ ಊರಿನವನು, ಮಾತ್ರ ತಲೆ ಅಡ್ಡ ಆಡಿಸಿದ.

"ನಾನಿಲ್ಲ. ಎಂತದೋ ಹೆದರಿಕೆ ಆಗ್ತದೆ ಮಾರಾಯ."

ಚರ್ಚಾಸ್ಪರ್ಧೆಗಳ ವೇದಿಕೆಯಲ್ಲಿ ಬೆಳೆದವನು ನಾನು. ಇಂಥ ಎದುರಾಳಿ ಸಿಕ್ಕರೆ ಬಿಡುತ್ತೇನೆಯೇ? ದಾರಿಯ ಹೆದರಿಕೆಯೇ? ಫೋನಿನಲ್ಲಿ ನಕ್ಷೆ ಇದೆ, ಸಿಗ್ನಲ್ ಇರುತ್ತದೆ. ಬಿಸಿಲೇ? ಹೋಗುವುದು ಚಳಿಗಾಲದಲ್ಲಿ. ನೀರೇ? ಜೀಪಿನ ತುಂಬ ಹೊತ್ತೊಯ್ಯೋಣ. ಚಹಾ ಮುಗಿಯುವ ಮೊದಲೇ ಅವನ ಬಳಿ ಮಾತು ಮುಗಿದಿತ್ತು. "ಆಯ್ತು ಬರ್ತೇನೆ. ನಿನ್ನ ಹತ್ತಿರ ಮಾತಾಡ್ಲಿಕ್ಕೆ ಯಾರಿಗಾಗ್ತದೆ!" ಎಂದ. ನಾನು ಗೆದ್ದ ಖುಷಿಯಲ್ಲಿ ನೇರ ಕ್ಯಾನ್ ತರಲು ಹೋಗಿದ್ದೆ.

ಕಾಕನಿಗೂ ಇದೇ ಚಟವಿತ್ತು. ಬಕೆಟ್ ಕೊಳ್ಳಲು ಬಂದವರೊಂದಿಗೆ ಚುನಾವಣೆಯಿಂದ ಹಿಡಿದು ಬಂಗುಡೆ ಮೀನಿನ ಸಾರಿಗೆ ಹುಳಿ ಯಾವಾಗ ಹಾಕಬೇಕು ಎನ್ನುವವರೆಗೆ ವಾದಿಸುತ್ತಿದ್ದರು. ನನ್ನ ಚರ್ಚೆಯ ತಾಲೀಮು ನಡೆಯುತ್ತಿದ್ದದ್ದು ಅವರೆದುರಿಗೇ. ನಾನು ಟರ್ಪಾಲಿನ ರಾಶಿಯ ಮೇಲೆ ಹತ್ತಿ ನಿಂತು 'ಮಾನ್ಯ ನಿರ್ಣಾಯಕರೇ' ಎಂದರೆ ಅವರು ಕನ್ನಡಕ ಏರಿಸಿ ಕೂರುತ್ತಿದ್ದರು. "ಅದು ಬೊಬ್ಬೆ ಆಯ್ತು. ಪಾಯಿಂಟ್ ಎಲ್ಲುಂಟು?" ಎಂದು ಕಾಲೆಳೆಯುತ್ತಿದ್ದರು. ದೊಡ್ಡವರಿಗೆ ಎದುರಾಡಬೇಡ ಎಂದು ಒಮ್ಮೆಯೂ ಹೇಳದ ಹಿರಿಯರು ನನ್ನ ಪಾಲಿಗೆ ಅವರೊಬ್ಬರೇ ಇರಬೇಕು...

ಜಿಲ್ಲಾ ಮಟ್ಟದಲ್ಲಿ ಗೆದ್ದ ಕಪ್ಪನ್ನು ತೋರಿಸಲು ಹೋದ ದಿನ ನಾನು ಸೊಕ್ಕಿನಲ್ಲಿದ್ದೆ. ಎದುರಾಳಿ ಹುಡುಗಿ ಕೊನೆಗೆ ತಡವರಿಸಿ ಕುಳಿತದ್ದನ್ನು ಅಭಿನಯಿಸಿ ತೋರಿಸಿದೆ. ಕಾಕ ನಗಲಿಲ್ಲ. ಕಪ್ಪನ್ನು ತಿರುಗಿಸಿ ನೋಡುತ್ತ, "ನಾನೂ ಒಮ್ಮೆ ಗೆದ್ದಿದ್ದೆ ಮಗಾ," ಎಂದರು.

ಗಲ್ಫಿನಲ್ಲಿ ಅವರು ಪಿಕಪ್ ಗಾಡಿ ಓಡಿಸುತ್ತಿದ್ದ ಕಾಲ. ಜೊತೆಗೆ ಕಾಪುವಿನ ಹತ್ತಿರದ ಇನ್ನಂಜೆಯವರೊಬ್ಬರು, ಒಂದೇ ರೂಮಿನಲ್ಲಿ ಉಳಿದುಕೊಂಡಿದ್ದವರು. ಒಂದು ದಿನ ದಾರಿ ಉಳಿಸಲು ಡಾಂಬರು ರಸ್ತೆ ಬಿಟ್ಟು ಮರುಭೂಮಿಗೆ ಇಳಿದರು. ಗಾಡಿ ಮರಳಿನಲ್ಲಿ ಹೂತಿತು. ಇನ್ನಂಜೆಯವರು ಗಾಡಿಯ ಹತ್ತಿರವೇ ಇರೋಣ ಎಂದರು. ಕಾಕ ನಡೆಯೋಣ ಎಂದರು.

"ನನ್ನ ಹತ್ತಿರ ಕಾರಣ ಎಷ್ಟು ಬೇಕು ಅಷ್ಟಿತ್ತು. ನಮ್ಮೂರಲ್ಲಿ ನೋಡು, ಯಾವ ಕಡೆ ಹೋದರೂ ಒಂದು ಮನೆ ಉಂಟು, ಒಂದು ಬಾವಿ ಉಂಟು, ಬೊಗಳ್ಲಿಕ್ಕೆ ಒಂದು ನಾಯಿಯಾದರೂ ಉಂಟು. ಭೂಮಿ ಅಂದರೆ ಹಾಗೆ ಅಂತಲೇ ಲೆಕ್ಕ ನನಗೆ. ನಡೆದರೆ ಒಂದು ಮನೆ ಸಿಗದೆ ಎಲ್ಲಿ ಹೋಗ್ತದೆ ಅಂದೆ. ಅವನ ಹತ್ತಿರ ಇದ್ದದ್ದು ಒಂದೇ ಮಾತು, ಹೆದರಿಕೆ ಆಗ್ತದೆ ಅಂತ. ಅದು ಕಾರಣವಾ ಅಂತ ಕೇಳಿದೆ. ಎದ್ದು ಬಂದ."

ಹುಡುಕುವವರು ಅದೇ ಸಂಜೆ ಗಾಡಿಯನ್ನು ಕಂಡಿದ್ದರಂತೆ. ಕಾಕ ಸಿಕ್ಕಿದ್ದು ಮರುದಿನ. ಇನ್ನಂಜೆಯವರು ಒಂದು ಮುಳ್ಳುಗಿಡದ ನೆರಳಲ್ಲಿ ಸ್ವಲ್ಪ ಕೂರುತ್ತೇನೆ ಎಂದು ಕುಳಿತವರು ಮತ್ತೆ ಏಳಲಿಲ್ಲ.

ಕಾಕ ಕಪ್ಪನ್ನು ನನ್ನ ಕೈಗೆ ಕೊಟ್ಟರು. ಸುಮ್ಮನಿರಲಾಗದ ನಾನು, "ನಿಮ್ಮ ವಾದದ ಆಧಾರವೇ ತಪ್ಪಾಗಿತ್ತು ಕಾಕ," ಎಂದೆ.

"ಹೌದು. ಆದರೆ ಹೇಳುವಾಗ ಗೊತ್ತಾಗ್ತದಾ? ಸರಿ ಇದ್ದಾಗ ಹೇಗೆ ಹೇಳ್ತಿದ್ದೆನೋ ಹಾಗೇ ಹೇಳಿದ್ದೆ. ಗೆದ್ದಾಗ ಖುಷಿಯೂ ಹಾಗೇ ಆಗಿತ್ತು."

ಮರಳಿನಲ್ಲಿ ಜಿನ್ನು ಕರೆಯಿತು, ಭೂತ ಅಡ್ಡ ಬಂತು ಎಂದಿದ್ದರೆ ನಾನು ಪಾರಾಗುತ್ತಿದ್ದೆ. ಅಂಥದ್ದನ್ನು ಒಡೆದು ಹಾಕುವುದು ನನಗೆ ಗೊತ್ತು. ಇದನ್ನು ಎಲ್ಲಿಂದ ಒಡೆಯುವುದೆಂದು ಅಂದು ತಿಳಿಯಲಿಲ್ಲ, ಇಂದಿಗೂ ತಿಳಿದಿಲ್ಲ.

ಕ್ಯಾನ್ ಮುಚ್ಚಿಟ್ಟೆ. ನಾನು ಬಜಗೋಳಿಯವನಿಗೆ ಹೇಳಿದ್ದರಲ್ಲಿ ನನಗೆ ನಿಜವಾಗಿ ಗೊತ್ತಿದ್ದದ್ದು ಎಷ್ಟು? ಮರುಭೂಮಿಯನ್ನು ನಾನು ಫೋನಿನಲ್ಲಿ ನೋಡಿದ್ದೇನೆ. ಸಿಗ್ನಲ್ ಇರುತ್ತದೆ ಎಂದಿದ್ದೆ, ಯಾರನ್ನೂ ಕೇಳಿರಲಿಲ್ಲ. ಹಿಂದೆ ಸರಿದಿದ್ದ ಅವನ ಕಾಲನ್ನು ನಾನು ಮಾತಿನಿಂದ ಮುಂದೆ ತಳ್ಳಿದ್ದೆ.

ಕಾಕನನ್ನು ಕೇಳಬೇಕೆನಿಸಿತು, ಗೆದ್ದ ವಾದವನ್ನು ಹಿಂದಕ್ಕೆ ಪಡೆಯುವುದು ಹೇಗೆ ಎಂದು. ಅವರು ತೀರಿಕೊಂಡಾಗ ನನಗೆ ಪರೀಕ್ಷೆ ಇತ್ತು, ಹೋಗಲಾಗಲಿಲ್ಲ. ಅಂಗಡಿಯಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ. ಈ ಪ್ರಶ್ನೆ ಕೇಳಬಹುದಾದ ಬೇರೆ ಮನುಷ್ಯ ನನಗೆ ಗೊತ್ತಿಲ್ಲ.

ಬಜಗೋಳಿಯವನಿಗೆ ಫೋನ್ ಮಾಡಿದೆ. ನಿನಗೆ ಹೆದರಿಕೆಯಿದ್ದರೆ ಬೇಡ, ನಾವು ಯಾರೂ ಹೋಗುವುದು ಬೇಡ ಎಂದೆ.

"ಈಗ ಹೆದರಿಕೆ ಎಂತದೂ ಇಲ್ಲ ಮಾರಾಯ. ನೀನು ಅಷ್ಟು ಚಂದ ಮಾಡಿ ಹೇಳಿದೆಯಲ್ಲ, ಎಲ್ಲ ಹೋಯ್ತು. ಶೂ ಕೂಡ ತಗೊಂಡಾಯ್ತು."

ಕಾರಣಗಳು ನಾಲಿಗೆಯ ತುದಿಗೆ ಬಂದವು. ಹೇಳಿದರೆ ಈ ಸಲವೂ ನಾನೇ ಗೆಲ್ಲುತ್ತಿದ್ದೆ.

"ನನಗೆ ಹೆದರಿಕೆ ಆಗ್ತದೆ," ಎಂದೆ. ಅಷ್ಟೇ ಹೇಳಿದೆ.

"ನಿನಗಾ?" ಎಂದು ಅವನು ಜೋರಾಗಿ ನಕ್ಕ. "ಹೌದು, ನನಗೇ," ಎಂದೆ. ಸ್ವಲ್ಪ ಹೊತ್ತಿಗೆ ಆ ಕಡೆಯ ನಗು ನಿಂತಿತು.